ತಮ್ಮನ ಹತ್ತಿರ ಕಾಗದ ಕೇಳಿದ ದಿನ

ಮೊಮ್ಮಗಳು ಹುಟ್ಟಿದಳು! ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಮಿರಜದ ದವಾಖಾನೆಯಲ್ಲಿ, ಬೆಳಗಿನ ಹಾಲಿನ ಗಾಡಿ ಬರುವ ಹೊತ್ತಿಗೆ, ನನ್ನ ಮಗಳು ಹಡೆದಳು. ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ತಲೆ ತುಂಬ ಕೂದಲು. ಹುಟ್ಟಿದ್ದೇ ಯಾರ ಮೇಲೋ ಸಿಟ್ಟಾದವಳಂತೆ ಹುಬ್ಬು ಗಂಟು ಹಾಕಿಕೊಂಡಿತ್ತು. ನರ್ಸ್ ಬಾಯಿ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟಳು. ಹಪ್ಪಳದ ಹಿಟ್ಟು ಕುಟ್ಟಿ ಕುಟ್ಟಿ ಒರಟಾದ ಬೆರಳುಗಳು. ಅವುಗಳಿಂದ ಕೂಸಿನ ಕೆನ್ನೆ ಮುಟ್ಟಲು ಹೆದರಿ ಮೂಗಿನ ತುದಿಯಿಂದ ಮುಟ್ಟಿದೆ.

"ಯವ್ವಾ, ನೀ ಅಳಬ್ಯಾಡ. ಅಳಾಕ ಆಕಿ ಅದಾಳಲ್ಲ" ಅಂದಳು ಮಗಳು, ದಣಿದ ದನಿಯಲ್ಲಿ ನಗುತ್ತ.

ಬಾಣಂತಿಯರ ವಾರ್ಡಿನೊಳಗೆ ಗಂಡಸರನ್ನು ಬಿಡುತ್ತಿರಲಿಲ್ಲ. ನನ್ನ ಯಜಮಾನರು ಹೊರಗಿನ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಸ್ಟೇಶನ್ನಿನ ಮಾಲ್‌ಧಕ್ಕೆಯಲ್ಲಿ ಮೂಟೆ ಹೊರುವ ಮನುಷ್ಯ, ಅಲ್ಲಿಯ ದನಿಯಲ್ಲೇ ಕೂಗಿದರು: "ಏನಾತ ಹೇಳಾರಿಲ್ಲೇನ್ ಯಾರೂ?"

"ಲಕ್ಷ್ಮಿ ಬಂದಾಳ್ರೀ" ಅಂದೆ.

ಅಷ್ಟೇ ಸಾಕಾಯಿತು, ಓಡಿದರು. ನಮ್ಮ ಕಡೆ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಬರ್ಫಿ ಹಂಚುತ್ತಾರೆ. ಮಿಠಾಯಿ ಅಂಗಡಿಯವನು ಇನ್ನೂ ಬಾಗಿಲು ತೆಗೆಯುತ್ತಿದ್ದನಂತೆ, ಇವರೇ ಹಲಗೆ ಎತ್ತಿ ಇಟ್ಟರಂತೆ. ಬರುವಾಗ ಎರಡೂ ಬಗಲಲ್ಲಿ ಬರ್ಫಿಯ ಡಬ್ಬಿ. ವಾಚ್‌ಮನ್ನನಿಗೆ, ಕಸ ಗುಡಿಸುವ ಬಾಯಿಗೆ, ಟಾಂಗಾದವನಿಗೆ, ಗುರುತಿಲ್ಲದ ಯಾವ ಯಾವ ರೋಗಿಗಳಿಗೋ ಕೊಟ್ಟರು. "ನಮ್ಮ ಮೊಮ್ಮಗಳ್ರಿ, ತಗೋರ್ರಿ, ತಗೋರ್ರಿ" ಎನ್ನುತ್ತಿದ್ದರು. ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದವನ ಕೈಗೂ ಒಂದು ತುಂಡು ಇಟ್ಟು ನರ್ಸ್ ಬಾಯಿಯಿಂದ ಬೈಸಿಕೊಂಡರು.

ಆ ದಿನ ನೆನಪಾದರೆ ಇಷ್ಟು ವರ್ಷದ ಮೇಲೂ ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತೇನೆ. ಅದೇ ದಿನ ನೆನಪಾದರೆ ತಲೆಯೂ ತಗ್ಗುತ್ತದೆ. ಏಕೆಂದರೆ ಆ ಬರ್ಫಿಯ ಒಂದು ಡಬ್ಬಿಯನ್ನು ಸೆರಗಿನ ಕೆಳಗೆ ಇಟ್ಟುಕೊಂಡು ನಾನು ಸಾಂಗಲಿಗೆ ಹೋದೆ. ಬಾಯಲ್ಲಿ ಮೊಮ್ಮಗಳ ಸುದ್ದಿ ಇತ್ತು. ಹೊಟ್ಟೆಯಲ್ಲಿ ಬೇರೆ ಕೆಲಸ ಇತ್ತು.

ಅದು ಎಲ್ಲದಕ್ಕೂ ಸೊಸಾಯಿಟಿ ಇದ್ದ ಕಾಲ. ಹಾಲಿಗೆ ಸೊಸಾಯಿಟಿ, ಕಬ್ಬಿಗೆ ಸಹಕಾರಿ ಕಾರ್ಖಾನೆ, ನೂಲಿಗೆ ಗಿರಣಿ, ಸಾಲಕ್ಕೆ ಬ್ಯಾಂಕು. ಗಲ್ಲಿಗೊಬ್ಬ ಚೇರ್ಮನ್, ಓಣಿಗೊಂದು ಬೋರ್ಡು. ನಮ್ಮ ಗಲ್ಲಿಯ ಹೆಂಗಸರೂ ಕೂಡಿ ಉದ್ದಿನ ಹಪ್ಪಳದ ಸೊಸಾಯಿಟಿ ಮಾಡಿದ್ದೆವು. ಹೆಚ್ಚಿನವರು ಕರ್ನಾಟಕದ ಕಡೆಯಿಂದ ಕೂಲಿಗೆ ಬಂದವರ ಹೆಂಡಂದಿರು. ಅದಕ್ಕೂ ಮೊದಲು ಕಂಡವರ ಮನೆಯ ಭಾಂಡೆ ಪಾತ್ರೆ ತಿಕ್ಕುತ್ತಿದ್ದವರು. ವಯಸ್ಸಿನಲ್ಲಿ ದೊಡ್ಡವಳೆಂದು ನನ್ನನ್ನೇ ಚೇರ್ಮನ್ ಮಾಡಿದರು. ನನ್ನ ತವರು ಆರಗದ ಶಾಲೆಯಲ್ಲಿ ಅಕ್ಷರ ಕೂಡಿಸುವಷ್ಟು ಕಲಿತವಳು ನಾನು. ಬಸ್ಸಿನ ಮರಾಠಿ ಬೋರ್ಡು ಓದುತ್ತೇನೆ, ಇಂಗ್ಲಿಷ್ ಎಂದರೆ ನನಗೆ ಇರುವೆಯ ಸಾಲು. ಯಜಮಾನರಿಗೆ ಇದೊಂದು ಮೋಜಾಗಿತ್ತು. ಬೆಳಿಗ್ಗೆ ಎದ್ದವರೇ, "ಚೇರ್ಮನ್ ಸಾಹೇಬ್ರ, ಚಾಕ್ಕ ಅರ್ಜಿ ಕೊಡಬೇಕೇನ್ರಿ, ಹಂಗ ಸಿಗತೈತೋ?" ಎನ್ನುತ್ತಿದ್ದರು.

ಉದ್ದಿನ ಹಪ್ಪಳಕ್ಕೆ ಪಾಪಡಖಾರ ಬೇಕು. ಮೆಣಸಿನ ಖಾರವಲ್ಲ, ಉಪ್ಪಿನಂಥ ಬಿಳಿ ಪುಡಿ. ಅದನ್ನು ನೀರಲ್ಲಿ ಕುದಿಸಿ ಆರಿಸಿ ಆ ನೀರಿನಿಂದ ಹಿಟ್ಟು ಕಲಸಬೇಕು. ಅದಿಲ್ಲದೆ ಹಪ್ಪಳ ಎಣ್ಣೆಯಲ್ಲಿ ಅರಳುವುದಿಲ್ಲ. ಕೆಟ್ಟ ಖಾರ ಬಿದ್ದರೆ ಹಪ್ಪಳ ಕೆಂಪಗಾಗುತ್ತದೆ, ನಾಲಿಗೆಗೆ ಸೋಪು ಹತ್ತಿದಂತಾಗುತ್ತದೆ. ನಮ್ಮ ಖಾರ ಸಾಂಗಲಿಯ ಒಬ್ಬ ವ್ಯಾಪಾರಿಯ ಅಂಗಡಿಯಿಂದ ಬರುತ್ತಿತ್ತು, ಅವನಿಗೆ ಮುಂಬೈಯಿಂದ ಬರುತ್ತಿತ್ತು. ನಾವು ಒಂದು ಚಿಟಿಕೆ ನಾಲಿಗೆಗೆ ಹಚ್ಚಿ, ಒಂದು ಹಪ್ಪಳ ಕರಿದು ನೋಡಿ, ಸರಿ ಎನ್ನುತ್ತಿದ್ದೆವು. ಅದಕ್ಕಿಂತ ಹೆಚ್ಚಿನ ತಪಾಸಣೆ ಇರುತ್ತದೆ ಎಂದು ನಮಗೆ ಗೊತ್ತೇ ಇರಲಿಲ್ಲ.

ಆ ವರ್ಷ ಮಿರಜದ ಒಂದು ಗ್ರಾಹಕ ಭಾಂಡಾರ ನಮ್ಮ ಹಪ್ಪಳ ಮಾರಲು ಒಪ್ಪಿತು. ಭಾಂಡಾರವೆಂದರೆ ಅದೂ ಸಹಕಾರಿಯದೇ ದೊಡ್ಡ ಅಂಗಡಿ. ನಮಗೆ ಅಂಥ ಮೊದಲ ಗಿರಾಕಿ. ತಗಡಿನ ಡಬ್ಬಿಗಳಲ್ಲಿ ತುಂಬಿ, ಕೈಗಾಡಿಯ ಮೇಲೆ ಹೇರಿ, ಮುಂದೆ ಕುಂಕುಮ ಹಚ್ಚಿ ಕಳಿಸಿದ್ದೆವು. ಮಗಳು ಹಡೆಯುವ ಹಿಂದಿನ ದಿನ ಮಧ್ಯಾಹ್ನ ಅಲ್ಲಿಯ ಮ್ಯಾನೇಜರ್ ನನ್ನನ್ನು ಕರೆಸಿದ. ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಮರಾಠಿ ಹುಡುಗ, ಮರ್ಯಾದೆಯವನು. ಕುರ್ಚಿ ಕೊಟ್ಟ. "ಆಜಿ, ಹಪ್ಪಳ ಚೆನ್ನಾಗಿದೆ. ಆದರೆ ಇದರಲ್ಲಿ ಹಾಕಿದ ಖಾರ ತಿನ್ನಲು ಯೋಗ್ಯ ಎಂದು ಪ್ರಯೋಗಶಾಲೆಯಲ್ಲಿ ತಪಾಸ ಮಾಡಿದ ಕಾಗದ ಬೇಕು. ಖಾರ ಕೊಟ್ಟವರ ಹತ್ತಿರ ಕೇಳಿ. ಮೇಲಿನಿಂದ ಹೊಸ ನಿಯಮ ಬಂದಿದೆ. ನಾಳೆ ಭಾಂಡಾರ ಮುಚ್ಚುವುದರೊಳಗೆ ಕಾಗದ ತರಬೇಕು, ಇಲ್ಲವೇ ಎಲ್ಲಿದೆ, ಯಾವಾಗ ಬರುತ್ತದೆ ಎಂದಾದರೂ ಹೇಳಬೇಕು. ಅದೂ ಆಗದಿದ್ದರೆ ಡಬ್ಬಿಗಳನ್ನು ವಾಪಸ್ ಒಯ್ಯಬೇಕಾಗುತ್ತದೆ" ಎಂದ.

ವಾಪಸ್ ಒಯ್ದು ಎಲ್ಲಿಡುವುದು? ಮುಂಗಾರು ತಲೆಯ ಮೇಲೆ ಬಂದಿತ್ತು. ನಮ್ಮ ಮನೆಗಳೆಲ್ಲ ತಗಡಿನವು, ಸೋರುವಂಥವು. ಎರಡು ಮಳೆ ಬಿದ್ದರೆ ಹಪ್ಪಳಕ್ಕೆ ಬೂಷ್ಟು ಹಿಡಿಯುತ್ತಿತ್ತು. ಸೊಸಾಯಿಟಿ ಅಲ್ಲಿಗೆ ಮುಗಿಯುತ್ತಿತ್ತು. ಹೆಂಗಸರು ಮತ್ತೆ ಭಾಂಡೆ ತಿಕ್ಕಲು ಹೋಗಬೇಕಾಗುತ್ತಿತ್ತು. ಸಂಜೆ ಗಲ್ಲಿಯಲ್ಲಿ ಹೇಳಿದಾಗ ಎಲ್ಲರೂ ನನ್ನ ಮುಖವನ್ನೇ ನೋಡಿದರು.

"ಅದರಾಗೇನೈತ್ರಿ ಮಾವಶಿ? ಖಾರದ ಸಾವುಕಾರ ನಿಮ್ಮ ತಮ್ಮನ ಅಲ್ಲೇನ್ರಿ? ಹೋಗಿ ಕೇಳ್ರಿ."

"ತಮ್ಮ ಅಂತನ ಕೇಳಾಕ ಆಗೂದಿಲ್ಲವ್ವಾ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಕ್ಕರು.

ತಮ್ಮ ಎಂದರೆ ಒಡಹುಟ್ಟಿದವನಲ್ಲ, ತಮ್ಮನೆಂದು ಮಾಡಿಕೊಂಡವನು. ಅವನ ತಾಯಿಯ ತವರು ನನ್ನ ಆರಗವೇ. ಅವನಿಗೆ ಅಕ್ಕತಂಗಿಯರಿಲ್ಲ, ನನಗೆ ಅಣ್ಣತಮ್ಮಂದಿರಿಲ್ಲ. ಎಷ್ಟೋ ವರ್ಷದ ಹಿಂದೆ ಒಂದು ದೀಪಾವಳಿಯಲ್ಲಿ ಅವನ ತಾಯಿಯೇ ನನ್ನ ಕೈಯಿಂದ ಅವನಿಗೆ ಭಾವುಬೀಜದ, ಅಂದರೆ ಅಕ್ಕತಂಗಿಯರು ಎತ್ತುವ ಆರತಿ ಮಾಡಿಸಿದರು. ಅಲ್ಲಿಂದ ಮುಂದೆ ಒಂದು ದೀಪಾವಳಿಯೂ ಅವನು ತಪ್ಪಿಸಲಿಲ್ಲ. ಆ ಬಿಳಿ ಧೋತರದ ಸಾವುಕಾರ ನಮ್ಮ ತಗಡಿನ ಮನೆಯಲ್ಲಿ ಮಣೆಯ ಮೇಲೆ ಕೂತು, ಆರತಿ ಮಾಡಿಸಿಕೊಂಡು, ತಟ್ಟೆಯಲ್ಲಿ ಸೀರೆ ಇಟ್ಟು, ರೊಟ್ಟಿ ತಿಂದು ಹೋಗುತ್ತಿದ್ದ. ಹೆಂಗಸರ ಸೊಸಾಯಿಟಿಗೆ ಯಾರೂ ಮಾಲು ಕೊಡದಿದ್ದಾಗ ಮೊದಲ ಗೋಣಿ ಖಾರ ಕಳಿಸಿದವನು ಅವನು. ನಮ್ಮ ಜನರಲ್ಲಿ ಮಾತೇ ಕಾಗದ. ಆರತಿ ಮಾಡಿದ ತಮ್ಮನಿಗೆ "ನಿನ್ನ ಮಾಲು ಚಲೋ ಐತಿ ಅನ್ನೂದಕ್ಕ ಕಾಗದ ತೋರಿಸು" ಎನ್ನುವುದೆಂದರೆ ಉಣ್ಣಲು ಕೂತವನ ತಟ್ಟೆ ತಿರುವಿ ಹಾಕಿದಂತೆ.

ಆದರೂ ಹೋದೆ. ಮಗಳು ಮಲಗಿದ್ದಳು, ಕೂಸು ಮಲಗಿತ್ತು. ಯಜಮಾನರನ್ನು ಕಿಟಕಿಯ ಹೊರಗೆ ಕಾವಲು ಕೂಡಿಸಿ ಸಾಂಗಲಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ಸುದ್ದಿ ಹೇಳಾಕ ಹೊಂಟೇನಿ, ಬರ್ಫಿ ಕೊಡಾಕ ಹೊಂಟೇನಿ. ಹೇಳಿಕೊಂಡಷ್ಟೂ ಡಬ್ಬಿ ಭಾರವಾಗುತ್ತಿತ್ತು.

ಅಂಗಡಿಯಲ್ಲಿ ಕೊಬ್ಬರಿ, ಒಣಮೆಣಸಿನಕಾಯಿ, ಅರಿಸಿನದ ವಾಸನೆ. ಗಾದಿಯ ಮೇಲೆ ಕೂತಿದ್ದ ತಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡ.

"ಅಕ್ಕಾ! ಆತೇನ?"

"ಆತೋ ತಮ್ಮಾ. ಹೆಣ್ಣು. ಬೆಳಿಗ್ಗೆ."

"ಅಂದ್ರ ನಾ ಅಜ್ಜ ಆದ್ನೇನ! ಇನ್ನೂ ಮೀಸಿ ಕರೇದ ಐತಿ, ಈಗ ಬಣ್ಣ ಹಚ್ಚಿ ಬಿಳಿ ಮಾಡ್ಕೋಬೇಕಲ್ಲ!" ಎಂದು ಎದ್ದೇ ನಿಂತ. ತಕ್ಕಡಿ ಹಿಡಿದಿದ್ದವನಿಗೆ, ಗಿರಾಕಿಗಳಿಗೆ, ಎದುರಿನ ಅಂಗಡಿಯವನಿಗೆ ಕೂಗಿ ಹೇಳಿದ. ತೊಟ್ಟಿಲು ತನ್ನದೇ, ಹೆಸರಿಡುವ ಬಾರಸೆಯ ಸೀರೆ ತನ್ನದೇ, ಹೆಸರು ಮಾತ್ರ ನನ್ನ ಹಡೆದವ್ವನದು ಇಡಬೇಕು ಎಂದ. ಚಹಾ ತರಿಸಿದ. ಡಬ್ಬಿಯಿಂದ ಒಂದು ಬರ್ಫಿ ಎತ್ತಿಕೊಂಡ.

ನಾನು ಮಾತು ಸುತ್ತಿಸಿದೆ. ಮಳೆ ಬರುವ ಹಾಗಿದೆ ಅಂದೆ. ಉದ್ದಿನ ಬೇಳೆ ಈ ಸಲ ಸಣ್ಣದು ಅಂದೆ. ಅವನ ತಾಯಿಯ ಮಂಡಿನೋವು ಕೇಳಿದೆ. ಆಮೇಲೆ, ಚಹಾದ ಬಶಿ ನೋಡುತ್ತ, "ಭಾಂಡಾರದಾಗ ಒಂದ ಕಾಗದ ಕೇಳ್ಯಾರ" ಅಂದೆ.

"ಎಂಥಾ ಕಾಗದ?"

"ಖಾರದ್ದು. ಚಲೋ ಐತಿ ಅನ್ನೂದು. ನಿನ್ನ ಕಡೆಯಿಂದ ತಗೊಂಡ ಬಾ ಅಂದಾರ."

ಅವನು ಒಮ್ಮೆಲೇ ತಿಳಿದುಕೊಳ್ಳಲಿಲ್ಲ. "ನಮ್ಮ ಖಾರಕ್ಕ? ಏನಾತ ಖಾರಕ್ಕ? ಕೆಂಪಾತೇನ ಹಪ್ಪಳಾ?"

"ಇಲ್ಲೋ ಮಾರಾಯಾ, ಮಲ್ಲಿಗಿ ಅರಳಿದಂಗ ಅರಳತೈತಿ. ಆದ್ರ ಕಾಗದ ಬೇಕಂತ."

ಕೈಯಲ್ಲಿದ್ದ ಬರ್ಫಿಯನ್ನು ಅವನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮೆಲ್ಲಗೆ ಡಬ್ಬಿಯಲ್ಲಿ ವಾಪಸ್ ಇಟ್ಟ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೊಮ್ಮಗಳ ಹೆಸರಿನ ಸಿಹಿ ಅದು. ಅದನ್ನು ಅವನು ಇಟ್ಟದ್ದಲ್ಲ, ನಾನು ಇಡಿಸಿದ್ದು.

"ಹಂಗ ಅನ್ರಿ" ಎಂದ. "ನಾ ಸುಳ್ಳ ತಿಳ್ಕೊಂಡೆ. ಚೇರ್ಮನ್ ಬಾಯಾರು ಬಂದಾರ, ನಾ ಅಕ್ಕ ಬಂದಾಳ ಅಂದ್ಕೊಂಡೆ."

ಅಷ್ಟು ವರ್ಷದಲ್ಲಿ ಅವನು ನನಗೆ "ನೀ" ಎನ್ನದೆ ಇದ್ದದ್ದು ಅದೇ ಮೊದಲು. ಬಹುವಚನ ಅಷ್ಟು ಉರಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ತಮ್ಮಾ, ನಾ ನಿನ್ನ ಮ್ಯಾಲ..."

"ಇರಲಿ ಬಾಯಾರ. ಬೇಕು ಅಂದಮ್ಯಾಲ ಕೊಡಬೇಕು" ಎನ್ನುತ್ತ ಅವನು ಶೇಂಗಾದ ಚೀಲಗಳ ಮೇಲೆ ತಾನೇ ಹತ್ತಿದ. ಗಾದಿಯ ಮೇಲಿನ ಗೋಡೆಯಲ್ಲಿ, ದೇವರ ಪಟದ ಪಕ್ಕ, ಗಾಜು ಹಾಕಿದ ಒಂದು ಚೌಕಟ್ಟು ಇತ್ತು. ಬಂಗಾರದ ಬಣ್ಣದ ಅಂಚು, ಇಂಗ್ಲಿಷ್ ಬರಹ, ಕೆಳಗೆ ಕೆಂಪು ಮುದ್ರೆ. ದಿನಾ ಊದುಬತ್ತಿ ಬೆಳಗಿಸಿಕೊಳ್ಳುತ್ತಿದ್ದ ಚೌಕಟ್ಟು. ಅದನ್ನು ಇಳಿಸಿ, ಧೋತರದ ತುದಿಯಿಂದ ಗಾಜು ಒರೆಸಿ, ನನ್ನ ಮಡಿಲಲ್ಲಿ ಇಟ್ಟ. ಗೋಡೆಯ ಮೇಲೆ ಅದಿದ್ದ ಜಾಗ ಬೆಳ್ಳಗೆ ಚೌಕಾಗಿ ಉಳಿಯಿತು.

"ನಮ್ಮಪ್ಪಗ ಕಲೆಕ್ಟರ್ ಕೈಲೆ ಸಿಕ್ಕಿದ್ದು. ಇದಕ್ಕಿಂತ ದೊಡ್ಡ ಕಾಗದ ನಮ್ಮ ಅಂಗಡ್ಯಾಗ ಇಲ್ಲ. ಒಯ್ದು ತೋರಿಸ್ರಿ. ನಮ್ಮ ಮನೆತನ ಎಂಥಾದ್ದು ಅಂತ ಓದ್ಕೊಳ್ಲಿ."

ನನಗೂ ಅದೇ ಸರಿ ಅನ್ನಿಸಿತು, ಸುಳ್ಳೇಕೆ ಹೇಳಲಿ. ಮಾಲು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಕೊಟ್ಟವನು ಒಳ್ಳೆಯವನು ಎಂದು ಹೇಳುವುದಲ್ಲದೆ ಬೇರೇನು ಹೇಳಲು ಸಾಧ್ಯ? ಇಬ್ಬರೂ ಹಾಗೆಯೇ ತಿಳಿದಿದ್ದೆವು. ನಾನು ಆ ಚೌಕಟ್ಟನ್ನು ಸೆರಗಿನಿಂದ ಮುಚ್ಚಿ, ಕೂಸನ್ನು ಹಿಡಿದ ಹಾಗೆ ಎದೆಗೆ ಒತ್ತಿಕೊಂಡು ಹೊರಟೆ. ಅವನು ಬಾಗಿಲವರೆಗೂ ಬರಲಿಲ್ಲ.

ಬಸ್ಸಿನಲ್ಲಿ ಪಕ್ಕದ ಹೆಂಗಸು ಚೌಕಟ್ಟಿನ ಅಂಚು ನೋಡಿ ಕೈ ಮುಗಿದಳು. "ಯಾವ ದೇವ್ರರಿ ಆಯೀ?"

"ದೇವ್ರಲ್ಲವ್ವಾ, ಕಾಗದ."

"ಕಾಗದಕ್ಕ ಗಾಜ್ಯಾಕ?"

ಕಂಡಕ್ಟರ್ ಅತ್ತಲಿಂದ, "ದೇವರಿಗೆ ತಿಕೀಟು ಬೇಡ ಬಿಡಿ, ಆಜಿಗೆ ಮಾತ್ರ ಕೊಡುತ್ತೇನೆ" ಎಂದು ಮರಾಠಿಯಲ್ಲಿ ಹೇಳಿದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಬಸ್ಸು ಇಳಿಯುವುದರೊಳಗೆ ಆ ಹೆಂಗಸಿಗೆ ನನ್ನ ಮೊಮ್ಮಗಳ ಕೂದಲು ಎಷ್ಟುದ್ದ ಎಂಬುದೂ ಗೊತ್ತಾಗಿತ್ತು.

ಭಾಂಡಾರದಲ್ಲಿ ಸಂತೆಯ ದಿನದಂತೆ ಗದ್ದಲ. ರೇಶನ್ನಿನ ಸಕ್ಕರೆ ಬಂದಿತ್ತು. ನಾನು ಕೌಂಟರಿನ ಮೇಲೆ ಎಲ್ಲರಿಗೂ ಕಾಣುವಂತೆ ಚೌಕಟ್ಟು ನಿಲ್ಲಿಸಿ, "ಘ್ಯಾ ಸಾಹೇಬ್, ತಗೋರಿ ಕಾಗದ" ಅಂದೆ. ದನಿಯಲ್ಲಿ ಸ್ವಲ್ಪ ಗತ್ತೂ ಇತ್ತು. ಮ್ಯಾನೇಜರ್ ಹುಡುಗ ಕನ್ನಡಕ ಸರಿಮಾಡಿಕೊಂಡು ಓದಿದ, ಮತ್ತೊಮ್ಮೆ ಓದಿದ.

"ಆಜಿ, ಇದು ಮಹಾಪೂರದ್ದು" ಎಂದ. "ಹಿಂದೆ ಒಮ್ಮೆ ನದಿ ಏರಿದಾಗ ಹರಿಪುರದ ಕಡೆಯ ಜನಕ್ಕೆ ಇವರು ಜೋಳ ಹಂಚಿದರಂತೆ. ಅದಕ್ಕೆ ಕೊಟ್ಟ ಸನ್ಮಾನಪತ್ರ."

ಸಕ್ಕರೆಯ ಸಾಲಿನಲ್ಲಿ ಯಾರೋ ಪಕ್ಕನೆ ನಕ್ಕರು. "ಅರೇ, ಹಪ್ಪಳದಲ್ಲಿ ಹಾಕಿದ್ದು ಖಾರವೋ, ಜೋಳವೋ?" ಎಂದ ಇನ್ನೊಬ್ಬ. ಒಬ್ಬ ಮುದುಕ ಚೌಕಟ್ಟನ್ನು ಕೈಯಲ್ಲಿ ಹಿಡಿದು, "ಪೂರದ ನೀರಲ್ಲಿ ಹಪ್ಪಳ ಒಣಗಿಸಿದರೇನು?" ಎಂದು ತಿರುಗಿಸಿ ತಿರುಗಿಸಿ ನೋಡಿದ. ಸಾಲೆಲ್ಲ ನಗತೊಡಗಿತು. ನನ್ನನ್ನು ನಕ್ಕಿದ್ದರೆ ಸೈರಿಸುತ್ತಿದ್ದೆ. ಜನರಿಗೆ ಅನ್ನ ಹಾಕಿ ಸತ್ತುಹೋದ ಮನುಷ್ಯನ ಹೆಸರು ಅದರಲ್ಲಿತ್ತು. ಮಗನ ಕೈಯಿಂದ ದಿನಾ ಊದುಬತ್ತಿ ಬೆಳಗಿಸಿಕೊಳ್ಳುತ್ತಿದ್ದ ಆ ಹೆಸರನ್ನು ನಾನು ತಂದು ಸಕ್ಕರೆಯ ಸಾಲಿನ ಮುಂದೆ ಇಟ್ಟಿದ್ದೆ.

ಹುಡುಗ ಆ ಮುದುಕನ ಕೈಯಿಂದ ಚೌಕಟ್ಟು ಬಿಡಿಸಿಕೊಂಡು ನನಗೆ ಕೊಟ್ಟ. ಅವನು ನಗಲಿಲ್ಲ. "ಆಜಿ, ಇದು ಮನುಷ್ಯನ ಕಾಗದ. ದೊಡ್ಡ ಮನುಷ್ಯನದು. ನನಗೆ ಮಾಲಿನ ಕಾಗದ ಬೇಕು. ದೇವರಂಥವರ ಅಂಗಡಿಗೂ ಕೆಟ್ಟ ಗೋಣಿ ಬರಬಹುದಲ್ಲ, ಅವರಿಗೇ ಗೊತ್ತಿಲ್ಲದೆ. ಅದಕ್ಕೇ ಪ್ರತಿ ಗೋಣಿಯ ಮಾಲನ್ನು ತಪಾಸ ಮಾಡಿ ಬರೆದ ಕಾಗದ ಇರುತ್ತದೆ. ಕೇಳಿದರೆ ಕೊಡುತ್ತಾರೆ, ಇದರಲ್ಲಿ ಯಾರ ಅವಮಾನವೂ ಇಲ್ಲ" ಎಂದ.

ಅವನು ಅಷ್ಟು ಸರಳವಾಗಿ ಹೇಳಿದ. ಅದೇ ಮಾತು ಬೆಳಿಗ್ಗೆ ನನ್ನ ಬಾಯಿಂದ ಬಂದಿದ್ದರೆ ತಮ್ಮ ಬರ್ಫಿ ತಿನ್ನುತ್ತಿದ್ದ.

ಮತ್ತೆ ಸಾಂಗಲಿಯ ಬಸ್ಸು ಹತ್ತಿದೆ. ಈ ಸಲ ಚೌಕಟ್ಟನ್ನು ಯಾರಿಗೂ ಕಾಣದಂತೆ ಸೀರೆಯೊಳಗೆ ಸುತ್ತಿದ್ದೆ. ಮೊಮ್ಮಗಳು ಹುಟ್ಟಿದ ದಿನ, ಆಸ್ಪತ್ರೆಯಲ್ಲಿ ಮಗಳ ತಲೆ ನೇವರಿಸುತ್ತ ಕೂರಬೇಕಾದವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಕಣ್ಣೀರು ಬಂದರೂ ಕೂಸಿನ ಮುಖ ನೆನಪಾಗಿ ನಗು ಬರುತ್ತಿತ್ತು. ನಕ್ಕಿದ್ದಕ್ಕೆ ಮತ್ತೆ ನಾಚಿಕೆಯಾಗುತ್ತಿತ್ತು.

ತಮ್ಮ ನನ್ನನ್ನು ನೋಡಿ, "ಆತೇನ್ರಿ ಕೆಲಸ?" ಎಂದ. ಇನ್ನೂ ಬಹುವಚನವೇ.

ನಾನು ಚೌಕಟ್ಟನ್ನು ಗಾದಿಯ ಮೇಲೆ ಇಟ್ಟು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. "ನಿಮ್ಮಪ್ಪಗ ಮಂದಿ ನಕ್ರು ತಮ್ಮಾ. ನಾ ನಗಸ್ದೆ" ಅಂದೆ. ಮುಚ್ಚಿಡಬಹುದಿತ್ತು, ಮುಚ್ಚಿಡಲು ಆಗಲಿಲ್ಲ. ಆ ಹುಡುಗ ಹೇಳಿದ್ದನ್ನು ಹೇಳಿದೆ: ಇದು ಮನುಷ್ಯನ ಕಾಗದ, ಬೇಕಾದದ್ದು ಮಾಲಿನ ಕಾಗದ, ದೇವರಂಥವರ ಅಂಗಡಿಗೂ ಕೆಟ್ಟ ಗೋಣಿ ಬರಬಹುದು, ಅವರಿಗೇ ಗೊತ್ತಿಲ್ಲದೆ.

ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಬೆರಳಿನಿಂದ ಗಾಜಿನ ಮೂಲೆ ಒರೆಸಿದ.

"ಅಂಥಾ ಕಾಗದ ನನ್ನ ಕಡೆ ಇಲ್ಲ ಅಕ್ಕಾ" ಎಂದ.

"ಇಲ್ಲಂದ್ರ? ಮುಂಬೈ ಸೇಠ ಕೊಟ್ಟಿಲ್ಲೇನ?"

"ನಾ ಕೇಳಿಲ್ಲ. ನಮ್ಮಪ್ಪನ ಕಾಲದಿಂದ ಮಾಲು ಕಳಸ್ತಾರ. ಅಪ್ಪ ತೀರ್ಕೊಂಡಾಗ ಓಡ್ಕೋತ ಬಂದಿದ್ರು. ಅವರಿಗೆ ಹೆಂಗ ಕೇಳೂದು? ಹೋದ ವರ್ಷ ಬ್ಯಾರೆ ಗಿರಾಕಿ ಒಬ್ಬ ಕೇಳಿದ್ದ. ನನಗ ಮುಂಬೈಗೆ ಕೇಳಾಕ ನಾಚಿಕಿ ಆತು, ಅವಗ ಇಲ್ಲ ಅನ್ನಾಕೂ ನಾಚಿಕಿ ಆತು. ಬೈದು ಕಳಿಸಿದೆ."

ಬೆಳಗಿನಿಂದ ನನ್ನೊಳಗೆ ಸುಡುತ್ತಿದ್ದದ್ದೇ ಅವನೊಳಗೂ ಎಷ್ಟೋ ದಿನದಿಂದ ಇತ್ತು ಎಂದು ಆಗ ತಿಳಿಯಿತು.

"ಹಚ್ಚು ಫೋನ್" ಅಂದೆ.

"ಅಕ್ಕಾ..."

"ನಾ ನಿನಗ ಕೇಳಲಿಲ್ಲೇನ? ಸತ್ನೇನ? ಹಚ್ಚು."

ಟ್ರಂಕ್ ಕಾಲ್ ಬುಕ್ ಮಾಡಿ ಕಾದೆವು. ಗಂಟೆ ಬಾರಿಸಿದಾಗ ಅವನು ಎದ್ದು ನಿಂತು ಫೋನು ಹಿಡಿದ, ಎದುರಿಗೆ ಸೇಠರೇ ಬಂದು ನಿಂತಂತೆ. ಹಿಂದಿಯಲ್ಲಿ ಮಾತಾಡಿದ, ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಸೇಠರ ಆರೋಗ್ಯ ಕೇಳಿದ. ಸೇಠಾಣಿಯ ಆರೋಗ್ಯ ಕೇಳಿದ. ಮುಂಬೈಯಲ್ಲಿ ಮಳೆಯಾಯಿತೇ ಎಂದ. ಮಾವಿನ ಹಣ್ಣು ಸಿಕ್ಕಿತೇ ಎಂದ. ಹಣೆಯ ಬೆವರು ಕಿವಿಗೆ ಇಳಿಯಿತು. ನಡುವೆ ಆಪರೇಟರ್ ಬಾಯಿ ಬಂದು ಹೊತ್ತು ಮುಗಿಯಿತು, ಮುಂದುವರಿಸಬೇಕೇ ಎಂದಳು. ಮುಂದುವರಿಸಿ ಎಂದು, ಹಿರೇ ಮಗನ ಪರೀಕ್ಷೆ ಹೇಗಾಯಿತು ಎಂದು ಕೇಳಿದ. ನಾನು ಅವನ ಧೋತರ ಹಿಡಿದು ಜಗ್ಗಿದೆ.

"ಸೇಠ್‌ಜೀ, ಒಂದು ಮಾತು... ತಪ್ಪು ತಿಳಿಯಬಾರದು... ಪಾಪಡಖಾರದ ತಪಾಸಣೆಯ ಕಾಗದ... ನನಗಲ್ಲ, ನನ್ನ ಅಕ್ಕನಿಗೆ..."

ಆ ಕಡೆಯ ಮನುಷ್ಯ ಎಷ್ಟು ಜೋರಾಗಿ ಮಾತಾಡಿದನೆಂದರೆ ನನಗೂ ಕೇಳಿಸಿತು. "ಹೌದಾ? ಯಾವ ಲಾಟಿನ ಮಾಲು? ಗೋಣಿಯ ಮೇಲೆ ಗುರುತು ಹೊಡೆದಿರುತ್ತೇವೆ, ನೋಡಿ ಹೇಳಿ. ಪ್ರತಿ ಲಾಟಿಗೂ ಕಾಗದ ಇದೆ. ಪುಣೆಯವರು ಪ್ರತಿ ಸಲ ಕೇಳುತ್ತಾರೆ. ನೀವು ಕೇಳಲಿಲ್ಲ, ನಾವು ಕಳಿಸಲಿಲ್ಲ."

ಅಷ್ಟೇ. ಸಿಟ್ಟಿಲ್ಲ, ಮುನಿಸಿಲ್ಲ. ಕೊತ್ತಂಬರಿ ಕೇಳಿದ ಹಾಗೆ. ತಮ್ಮ ಬಾಯಿ ಬಿಟ್ಟುಕೊಂಡು ನಿಂತ. ಆಮೇಲೆ ಫೋನು ನನ್ನ ಕೈಗೆ ತುರುಕಿ ಗುರುತು ನೋಡಲು ಗೋದಾಮಿಗೆ ಓಡಿದ. ಹುಟ್ಟಿದಂದಿನಿಂದ ಫೋನು ಹಿಡಿದವಳಲ್ಲ ನಾನು. ಆ ಕಡೆಯಿಂದ "ಹಲೋ, ಹಲೋ" ಎಂದರು. ಸುಮ್ಮನಿದ್ದರೆ ಇಟ್ಟುಬಿಡುತ್ತಾರೆ ಎಂದು ಹೆದರಿಕೆಯಾಯಿತು. ಬಾಯಿಗೆ ಬಂದದ್ದು ಮೊಮ್ಮಗಳ ಸುದ್ದಿಯೊಂದೇ. "ಸೇಠ್‌ಜೀ, ಮೇರೇಕೂ ನಾತ್ ಹುಯೀ! ಆಜ್! ಸಕಾಳೀ!" ಎಂದು ಕೂಗಿಬಿಟ್ಟೆ.

ಆ ಕಡೆ ದೊಡ್ಡ ನಗು. "ಅರೇ ವಾ! ಬಧಾಯೀ ಹೋ ಬೆಹನ್!" ಎಂದರು. ಎಷ್ಟು ತೂಕ ಎಂದು ಕೇಳಿದರು. ಖಾರದ ಗೋಣಿಯದೋ ಕೂಸಿನದೋ ತಿಳಿಯದೆ ನಾನು, "ಬಹುತ್ ಅಚ್ಛಾ" ಅಂದೆ.

ತಮ್ಮ ಏದುಸಿರು ಬಿಡುತ್ತ ಬಂದು ಗುರುತು ಓದಿ ಹೇಳಿದ. ಕಾಗದ ಅವತ್ತಿನ ಟಪಾಲಿಗೇ ಹಾಕುವುದಾಗಿ ಸೇಠರು ಹೇಳಿದರು. ಫೋನು ಇಟ್ಟು ತಮ್ಮ ಟೊಪ್ಪಿಗೆ ಹಾಕಿಕೊಂಡ. "ನಡಿ ಅಕ್ಕಾ. ಆ ಹುಡುಗನ ಮುಂದ ನೀ ಒಬ್ಬಾಕಿ ಎಷ್ಟ ಸಲ ನಿಲ್ತಿ? ಈ ಸಲ ನಾ ನಿಲ್ತೇನಿ" ಎಂದ.

ಭಾಂಡಾರದ ಬಾಗಿಲಿನ ಒಂದು ಕದ ಮುಚ್ಚಿಯಾಗಿತ್ತು. ಪೇಟೆಯಲ್ಲಿ ಯಾರ ಮುಂದೆಯೂ ಟೊಪ್ಪಿಗೆ ತೆಗೆಯದ ಮನುಷ್ಯ ಆ ಹುಡುಗನ ಮುಂದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಕಾಗದ ಮುಂಬೈಯಿಂದ ಟಪಾಲಿನಲ್ಲಿ ಬರುತ್ತಿದೆ, ಇಷ್ಟು ದಿನ ತಾನು ಕೇಳಿರಲಿಲ್ಲ, ತಪ್ಪು ತನ್ನದು, ಹೆಂಗಸರದಲ್ಲ ಎಂದ. ಹುಡುಗನೇ ಮುಜುಗರಪಟ್ಟುಕೊಂಡು ಕುರ್ಚಿ ಎಳೆದ. "ಟಪಾಲು ಬರುವವರೆಗೆ ಡಬ್ಬಿಗಳು ಇಲ್ಲೇ ಇರಲಿ ಕಾಕಾ. ಮಾರುವುದಿಲ್ಲ, ವಾಪಸೂ ಕಳಿಸುವುದಿಲ್ಲ. ಕಾಗದ ಬಂದ ದಿನ ಮುಂದೆ ಇಡುತ್ತೇನೆ" ಎಂದ.

ಕಾಗದ ಬಂತು. ತೆಳ್ಳನೆಯ ಒಂದು ಹಾಳೆ, ಅಂಚಿಗೆ ಬಂಗಾರವಿಲ್ಲ, ನೇರಳೆ ಬಣ್ಣದ ಒಂದು ಮುದ್ರೆಯ ಠಸ್ಸೆ. ಡಬ್ಬಿಗಳು ಮಾರಾಟವಾದವು, ಸೊಸಾಯಿಟಿ ಬಹಳ ವರ್ಷ ನಡೆಯಿತು. ಪ್ರತಿ ಹೊಸ ಗೋಣಿಗೆ ಕಾಗದ ಕೇಳುವುದು ನನ್ನ ಪಾಲಿಗೇ ಬಂತು, ಇಂಗಿಗೂ ಮೆಣಸಿಗೂ ಕೇಳಿದೆ. ಕೇಳುವಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು, ಅದೊಂದು ಕೊನೆಯವರೆಗೂ ಹೋಗಲಿಲ್ಲ. ಆದರೆ ಇವೆಲ್ಲ ಮುಂದಿನ ಮಾತು.

ಆ ಸಂಜೆ ತಮ್ಮನನ್ನು ಕರೆದುಕೊಂಡು ದವಾಖಾನೆಗೆ ಬಂದೆ. ತನ್ನ ಊರು ಖಂಡೇರಾಜುರಿಯಿಂದ ಅಳಿಯ ಬಂದಿದ್ದ, ಅವನ ತಾಯಿ ಬುತ್ತಿ ಕಟ್ಟಿ ಕಳಿಸಿದ್ದರು. ಮಗಳ ಮಂಚ ಕಿಟಕಿಯ ಪಕ್ಕ ಇತ್ತು. ನಾವು ಹೊರಗಿನ ಪಡಸಾಲೆಯಲ್ಲಿ, ಅದೇ ಕಿಟಕಿಯ ಕೆಳಗೆ ಸಾಲಾಗಿ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಒಂದು ಗಡಿಗೆ ಮೊಸರು. ಬಾಣಂತಿಗೆ ಬೇರೆ ಡಬ್ಬಿಯಲ್ಲಿ ಬಿಸಿ ಅಳವಿ ಬೀಜದ ಗಂಜಿ, ಅದನ್ನು ಸರಳಿನ ನಡುವಿನಿಂದ ಒಳಗೆ ಕೊಟ್ಟೆ. ತಮ್ಮ ಕೈ ತೊಳೆದು ಬಂದು ನನ್ನ ಯಜಮಾನರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಊಟ ಶುರುವಾಗುವ ಮೊದಲೇ ಅವನು ಎಲ್ಲ ಹೇಳಿಬಿಟ್ಟ. ಬಸ್ಸಿನಲ್ಲಿ ನನ್ನ ಬಾಯಿಂದ ಹೊರಡಿಸಿಕೊಂಡಿದ್ದ ಕಂಡಕ್ಟರನ ಮಾತನ್ನೂ ಬಿಡಲಿಲ್ಲ. ಫೋನಿನಲ್ಲಿ ನಾನು ಕೂಗಿದ್ದನ್ನು ನನ್ನ ದನಿಯಲ್ಲೇ ಕೂಗಿ ತೋರಿಸಿದ. ಅಳಿಯನಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು.

"ಚೇರ್ಮನ್ ಸಾಹೇಬ್ರು ಮುಂಬೈತನಕ ಮುಟ್ಯಾರ, ಇನ್ನ ನಮಗ ಚಾ ಸಿಕ್ಕಂಗ!" ಅಂದರು ಯಜಮಾನರು.

ಮಗಳು ಮಾತ್ರ ನಗಲಿಲ್ಲ. ಸರಳಿಗೆ ಮುಖ ಹಚ್ಚಿ ಕೇಳಿದಳು: "ಯವ್ವಾ, ನನ್ನ ಮಗಳ ಬರ್ಫಿ ಒಯ್ದು ಮಾಮಾನ ಕೈಯಾಗ ಇಟ್ಟು ಕಾಗದ ಕೇಳ್ದೇನ? ಬರ್ಫಿ ತಿಂದ ಮ್ಯಾಲಾರ ಕೇಳಬಾರದಿತ್ತೇನ?"

ನಾನು ತಟ್ಟೆಗೆ ಮುಖ ಬಗ್ಗಿಸಿದೆ. ರೊಟ್ಟಿಯ ಮೇಲೆ ಹಿಂಡಿಯ ಎಣ್ಣೆ ಮೆಲ್ಲಗೆ ಹರಡುತ್ತಿತ್ತು.

"ಬೈಬ್ಯಾಡ ಆಕಿಗೆ" ಎಂದ ತಮ್ಮ, ಬಾಯಿ ತುಂಬ ಪಲ್ಲೆ ಇಟ್ಟುಕೊಂಡೇ. "ಆಕಿ ಕೇಳ್ಲಿಲ್ಲಂದ್ರ ನಾ ಸಾಯೂತನಕ ಸೇಠ್ಗ ಮಾವಿನ ಹಣ್ಣ ಕೇಳ್ಕೋತ ಇರ್ತಿದ್ದೆ. ಅಕ್ಕಾ, ಮಸರ ಹಾಕು. ಇತ್ಲಾಗ, ಇತ್ಲಾಗ."

ನಾನು ಗಡಿಗೆ ಎತ್ತಿ ಅವನ ತಟ್ಟೆಗೆ ಮೊಸರು ಹಾಕಿದೆ. ನೆಲದ ಮೇಲೂ ಒಂದಿಷ್ಟು ಚೆಲ್ಲಿತು. ಒಳಗೆ ಕೂಸು ಎದ್ದು ಅಳತೊಡಗಿತು. ಮಗಳು ಅದನ್ನು ಎತ್ತಿ ಮಗ್ಗುಲಿಗೆ ಹಾಕಿಕೊಂಡು, ಇನ್ನೊಂದು ಕೈಯಿಂದ ಗಂಜಿ ಕುಡಿಯತೊಡಗಿದಳು. ಅಳಿಯ ಬುತ್ತಿಯ ಬಟ್ಟೆ ಬಿಚ್ಚಿ ಉಳಿದ ರೊಟ್ಟಿಗಳನ್ನು ಎಲ್ಲರ ತಟ್ಟೆಗೆ ಹಾಕುತ್ತ ಬಂದ. ನನಗೆ ಸಾಕು ಅಂದರೂ ಕೇಳದೆ ಎರಡು ಹಾಕಿದ. ನಾನು ಮುರಿದು ತಿಂದೆ.